ಸರ್ಟಿಫಿಕೇಟಿನಲ್ಲಿ ಒಂದು ಪದ

ನಾನು ಓದಿದ್ದು ಬಿ.ಕಾಂ., ಫುಡ್ ಸೈನ್ಸ್ ಓದಿದ್ದು ಚಿಕ್ಕಪ್ಪನ ಮಗಳು. ನಮ್ಮ ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಕಾಲಕ್ಕೆ ಸರ್ಕಾರಿ ಕೆಲಸ ಅಂದ್ರೆ ಗಣಿ. 1956ರಲ್ಲಿ ಗಣಿಗಳು ಮೈಸೂರು ಸರ್ಕಾರಕ್ಕೆ ಬಂದವು, 1962ರಲ್ಲಿ ಕೇಂದ್ರಕ್ಕೆ ಹೋದವು. 2001ರ ಫೆಬ್ರವರಿ 28ಕ್ಕೆ ಬಿಜಿಎಂಎಲ್ ಮುಚ್ಚಿತು. ಆಮೇಲೆ ಎಷ್ಟೋ ಮನೆಗಳಿಗೆ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗೋ ರೈಲೇ ಗತಿ. ತಂಗಿ ಅದರಲ್ಲೇ ಓಡಾಡಿ ಡಿಗ್ರಿ ಮುಗಿಸಿದಳು. ಅವಳ ಕಣ್ಣು ಆಹಾರ ಸುರಕ್ಷತಾ ಅಧಿಕಾರಿ ಹುದ್ದೆ ಮೇಲೆ.

1954ರ ಕಲಬೆರಕೆ ತಡೆ ಕಾಯ್ದೆಯ ಕಾಲದಲ್ಲಿ ಈ ಕೆಲಸ ಮಾಡ್ತಿದ್ದವರು ಫುಡ್ ಇನ್ಸ್‌ಪೆಕ್ಟರ್. 2006ರಲ್ಲಿ ಹೊಸ ಕಾಯ್ದೆ ಬಂತು, ಅದರ ನಿಯಮಗಳು 2011ರ ಆಗಸ್ಟ್ 5ರಿಂದ ಜಾರಿ. ಯಾವ ಪದವಿ ಬೇಕು ಅಂತ ಅಲ್ಲೇ ಬರೆದಿದೆ: ಫುಡ್ ಟೆಕ್ನಾಲಜಿ, ಡೈರಿ ಟೆಕ್ನಾಲಜಿ, ಬಯೋಟೆಕ್ನಾಲಜಿ, ಕೃಷಿ, ಪಶುವೈದ್ಯ, ಮೈಕ್ರೋಬಯಾಲಜಿ, ಹೀಗೆ. ಎಂಬಿಬಿಎಸ್ ಆದವರೂ ಬರಬಹುದು! ಆದ್ರೆ ಆ ಮೂಲ ಪಟ್ಟಿಯಲ್ಲಿ ‘ಫುಡ್ ಸೈನ್ಸ್’ ಅನ್ನೋ ಪದವೇ ಇಲ್ಲ ನೋಡಿ. ಕೇಂದ್ರ ಸರ್ಕಾರ ಸಮಾನ ಅಂತ ಅಧಿಸೂಚನೆ ಹೊರಡಿಸಿದ ಪದವಿ ಮಾತ್ರ ನಡೆಯುತ್ತೆ.

ಅದಕ್ಕೇ ಯಾವ ನೇಮಕಾತಿ ಪ್ರಕಟಣೆ ಬಂದ್ರೂ ತಂಗಿ ಮೊದಲು ವಿದ್ಯಾರ್ಹತೆಯ ಪುಟ ತೆಗೀತಾಳೆ, ಸಂಬಳ ಆಮೇಲೆ. ನಾನಾಗಿದ್ರೆ ಉಲ್ಟಾ. ಮೊನ್ನೆ ಸಿಲಬಸ್‌ನ ಅಷ್ಟೂ ಪುಟ ಜೆರಾಕ್ಸ್ ಮಾಡಿಸಿ, ತತ್ಸಮಾನ ಪ್ರಮಾಣಪತ್ರ ಕೇಳೋಕೆ ಬೆಳಗಿನ ರೈಲು ಹತ್ತಿದಳು.