ಟ್ರ್ಯಾಕ್ಟರ್ ಹೊಗೆಕೊಳವೆಯ ಒತ್ತಡ ಸಂವೇದಕ: ದೋಷ ಪತ್ತೆ ಮತ್ತು ದುರಸ್ತಿ

2023ರ ಜನವರಿಯಲ್ಲಿ 50 ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ ಟ್ರೆಮ್-4 ಹೊಗೆ ನಿಯಮ ಜಾರಿಗೆ ಬಂದಿತು. ಇವುಗಳಲ್ಲಿ ಕೆಲವು ಮಾದರಿಗಳಿಗೆ ಡಿಪಿಎಫ್ ಎಂಬ ಮಸಿ ಶೋಧಕವಿದ್ದು, ಅದರ ಎರಡೂ ತುದಿಗಳ ಒತ್ತಡದ ವ್ಯತ್ಯಾಸವನ್ನು ಸಂವೇದಕವು ಅಳೆಯುತ್ತದೆ. ಅಳತೆ ತಪ್ಪಿದರೆ ಮಸಿ ಸುಡುವ ಕ್ರಿಯೆ ಅನಗತ್ಯವಾಗಿ ಮರುಕಳಿಸಿ, ಶೋಧಕದೊಳಗಿನ ಉಷ್ಣತೆ ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಆ ಸಮಯದಲ್ಲಿ ಟ್ರ್ಯಾಕ್ಟರನ್ನು ಹುಲ್ಲಿನ ಬಣವೆ, ಹತ್ತಿ ರಾಶಿ ಅಥವಾ ತೊಗರಿ ಕಟ್ಟಿಗೆಯ ಬಳಿ ನಿಲ್ಲಿಸಕೂಡದು.

ದೀಪ ಹೊತ್ತಿದ ಮಾತ್ರಕ್ಕೆ ಸಂವೇದಕ ಕೆಟ್ಟಿದೆಯೆಂದು ಭಾವಿಸಬೇಕಿಲ್ಲ. ಪಾಮನಕಲ್ಲೂರು ಭಾಗದ ಎರೆಮಣ್ಣಿನ ದೂಳು ತಂತಿಯ ಜೋಡಣೆಗಳಲ್ಲಿ ಸೇರುತ್ತದೆ. ಇಲಿಗಳು ತಂತಿ ಕಡಿಯುವುದೂ ಉಂಟು. ಎಂಜಿನ್ ಪೂರ್ತಿ ತಣಿದ ನಂತರ ತಂತಿಗಳನ್ನೂ ಸಂವೇದಕದ ಎರಡು ಸಣ್ಣ ಕೊಳವೆಗಳನ್ನೂ ಪರೀಕ್ಷಿಸಬೇಕು. ಬಿರುಕು ಬಿಟ್ಟ ಕೊಳವೆಯನ್ನು ಬದಲಿಸಿ. ಮಸಿ ಕಟ್ಟಿದ್ದರೆ ಸಂವೇದಕದಿಂದ ಕಳಚಿದ ಮೇಲೆಯೇ ಗಾಳಿ ಹಾಯಿಸಿ. ಇಲ್ಲವಾದಲ್ಲಿ ಒಳಗಿನ ತೆಳು ಪೊರೆ ಹಾಳಾಗುತ್ತದೆ.

ಅನಂತರ ಎಂಜಿನ್ ಚಾಲೂ ಮಾಡದೆ ಕೀಲಿಯನ್ನಷ್ಟೇ ತಿರುಗಿಸಿ ಸ್ಕ್ಯಾನರಿನಲ್ಲಿ ನೋಡಿದಾಗ ಒತ್ತಡದ ವ್ಯತ್ಯಾಸ ಶೂನ್ಯದ ಸಮೀಪವಿರಬೇಕು. ಕೊಳವೆಗಳನ್ನು ಕಳಚಿದಾಗಲೂ ಶೂನ್ಯಕ್ಕೆ ಬಾರದೆ, ತಂತಿಗಳು ಸರಿಯಿದ್ದರೆ ಮಾತ್ರ ಸಂವೇದಕವನ್ನು ಬದಲಿಸಬೇಕು. ಮರುಜೋಡಣೆಯಲ್ಲಿ ಕೊಳವೆಗಳು ಅದಲುಬದಲಾಗದಂತೆ ಮೊದಲೇ ಗುರುತು ಹಾಕಿಕೊಳ್ಳುವುದು ಲೇಸು. ವಾರಂಟಿ ಅವಧಿಯಿದ್ದಲ್ಲಿ ಅಧಿಕೃತ ಸೇವಾ ಕೇಂದ್ರದಲ್ಲಿಯೇ ಈ ಕೆಲಸ ಮಾಡಿಸಬೇಕು.