ಶಿರಪಾದಿಗಳ ಅಧ್ಯಯನ: ನಡೆದು ಬಂದ ದಾರಿ

ಆಕ್ಟೋಪಸ್, ಸ್ಕ್ವಿಡ್ ಮತ್ತು ಕಟ್ಲ್‌ಫಿಶ್‌ಗಳು ಮೃದ್ವಂಗಿಗಳಲ್ಲಿ ಶಿರಪಾದಿಗಳೆಂಬ ವರ್ಗಕ್ಕೆ ಸೇರುತ್ತವೆ. ಕರ್ನಾಟಕದ ಕರಾವಳಿಯಲ್ಲಿ ಸ್ಕ್ವಿಡ್ಡಿಗೆ ಬೊಂಡಾಸ್ ಎಂದೂ ಕಟ್ಲ್‌ಫಿಶ್‌ಗೆ ಕಪ್ಪೆ ಬೊಂಡಾಸ್ ಎಂದೂ ಹೆಸರು. ಇವುಗಳ ಶಾಸ್ತ್ರೀಯ ಅಧ್ಯಯನ ಕ್ರಿ.ಪೂ. 4ನೇ ಶತಮಾನದ ಗ್ರೀಸಿನಲ್ಲಿ ಆರಂಭವಾಯಿತು. ಲೆಸ್ಬೋಸ್ ದ್ವೀಪದ ಹಿನ್ನೀರಿನಲ್ಲಿ ಜಲಚರಗಳನ್ನು ಪರಿಶೀಲಿಸಿದ ಅರಿಸ್ಟಾಟಲ್, ಆಕ್ಟೋಪಸ್ ಬಣ್ಣ ಬದಲಿಸುವುದನ್ನೂ ಕಟ್ಲ್‌ಫಿಶ್ ಹೆದರಿದಾಗ ಮಸಿ ಚೆಲ್ಲುವುದನ್ನೂ ಬರೆದಿಟ್ಟ. ಗಂಡು ಆಕ್ಟೋಪಸ್ಸಿನ ಒಂದು ತೋಳು ಸಂತಾನೋತ್ಪತ್ತಿಗೆ ಒದಗುತ್ತದೆಂಬ ಮೀನುಗಾರರ ಮಾತನ್ನೂ ದಾಖಲಿಸಿದ. ಆ ಮಾತಿನ ಬೆಲೆ ತಿಳಿಯಲು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

19ನೇ ಶತಮಾನದ ಆರಂಭದಲ್ಲಿ ವಿದ್ವಾಂಸರನ್ನು ಹೆಚ್ಚು ಕಾಡಿದ್ದು ಆರ್ಗೊನಾಟ್. ಇದು ತೆಳುವಾದ ಬಿಳಿ ಚಿಪ್ಪಿನೊಳಗೆ ವಾಸಿಸುವ ಒಂದು ಬಗೆಯ ಆಕ್ಟೋಪಸ್. ಇದರ ದೇಹ ಚಿಪ್ಪಿಗೆ ಅಂಟಿಕೊಂಡಿರುವುದಿಲ್ಲ. ಹಾಗಾಗಿ ಅದು ಬೇರೊಂದು ಜೀವಿಯ ಚಿಪ್ಪನ್ನು ಆಕ್ರಮಿಸಿಕೊಂಡಿರಬೇಕೆಂದು ಹಲವರು ವಾದಿಸಿದರು. ಸಿಸಿಲಿಯ ಮೆಸ್ಸಿನಾದಲ್ಲಿ ನೆಲೆಸಿದ್ದ ಫ್ರೆಂಚ್ ಮಹಿಳೆ ಜಾನ್ ವಿಲ್‌ಪ್ರೂ-ಪವರ್ ಈ ವಾದಕ್ಕೆ ತೆರೆ ಎಳೆದರು. ಹಿಂದೆ ಪ್ಯಾರಿಸ್ಸಿನಲ್ಲಿ ಉಡುಪು ಹೊಲಿಯುತ್ತಿದ್ದ ಅವರು 1830ರ ದಶಕದಲ್ಲಿ ಗಾಜಿನ ತೊಟ್ಟಿಗಳನ್ನೂ ಸಮುದ್ರದೊಳಗೆ ಇಡುವ ಪಂಜರಗಳನ್ನೂ ಮಾಡಿಸಿ, ಆರ್ಗೊನಾಟ್‌ಗಳನ್ನು ಜೀವಂತವಾಗಿ ಸಾಕಿದರು. ಚಿಪ್ಪನ್ನು ಬೇಕೆಂದೇ ಒಡೆದು ನೋಡಿದಾಗ ಆ ಜೀವಿ ತಾನೇ ಅದನ್ನು ದುರಸ್ತಿ ಮಾಡಿಕೊಂಡಿತು. ಅಗಲ ಪೊರೆಯುಳ್ಳ ಎರಡು ತೋಳುಗಳಿಂದ ಅದು ಚಿಪ್ಪನ್ನು ಕಟ್ಟುತ್ತದೆಂದು ಹೀಗೆ ಖಚಿತವಾಯಿತು. 1839ರಲ್ಲಿ ರಿಚರ್ಡ್ ಓವನ್ ಈ ಫಲಿತಾಂಶವನ್ನು ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಮುಂದಿಟ್ಟರು.

ಹೆಣ್ಣು ಆರ್ಗೊನಾಟ್‌ನ ದೇಹದೊಳಗೆ ಹುಳುವಿನಂತಹ ವಸ್ತುವೊಂದು ಆಗಾಗ ಸಿಗುತ್ತಿತ್ತು. ಹೆಸರಾಂತ ಅಂಗರಚನಾ ಶಾಸ್ತ್ರಜ್ಞ ಕ್ಯುವಿಯೆ 1829ರಲ್ಲಿ ಅದನ್ನು ಪರಾವಲಂಬಿ ಹುಳುವೆಂದೇ ಬಗೆದು 'ಹೆಕ್ಟೊಕೊಟೈಲಸ್' ಎಂದು ಹೆಸರಿಟ್ಟರು. ಮುಂದೆ ಕೆಲವರು ಅದೇ ಗಂಡು ಜೀವಿಯಿರಬಹುದೆಂದು ಊಹಿಸಿದರು. 1853ರಲ್ಲಿ ಹೈನ್ರಿಚ್ ಮ್ಯುಲರ್ ಪುಟ್ಟ ಗಂಡು ಆರ್ಗೊನಾಟನ್ನು ವಿವರಿಸಿದಾಗ ಒಗಟು ಬಗೆಹರಿಯಿತು: ಅದು ಹುಳುವಲ್ಲ, ವೀರ್ಯವನ್ನು ಹೊತ್ತು ಗಂಡಿನ ದೇಹದಿಂದ ಕಳಚಿಕೊಂಡು ಬಂದ ತೋಳು. ಕ್ಯುವಿಯೆ ಕೊಟ್ಟ ಹೆಸರು ಈಗ ಶಿರಪಾದಿಗಳ ಆ ತೋಳಿಗೇ ಉಳಿದಿದೆ.

ದೈತ್ಯ ಸ್ಕ್ವಿಡ್ಡಿನ ಕಥೆಗಳು ಯುರೋಪಿನ ನಾವಿಕರಲ್ಲಿ ಹಳೆಯವು. 1857ರಲ್ಲಿ ಡೆನ್ಮಾರ್ಕಿನ ಜಾಪೆಟಸ್ ಸ್ಟೀನ್‌ಸ್ಟ್ರುಪ್, ದಡಕ್ಕೆ ಬಂದ ಜೀವಿಯ ಕೊಕ್ಕನ್ನು ಆಧರಿಸಿ ಅದಕ್ಕೆ 'ಆರ್ಕಿಟ್ಯೂಥಿಸ್' ಎಂಬ ಶಾಸ್ತ್ರೀಯ ಹೆಸರು ಕೊಟ್ಟರು. ಜಪಾನಿನ ತ್ಸುನೆಮಿ ಕುಬೊಡೆರಾ ಮತ್ತು ಕ್ಯೊಇಚಿ ಮೋರಿ ಜೀವಂತ ದೈತ್ಯ ಸ್ಕ್ವಿಡ್ಡಿನ ಚಿತ್ರಗಳನ್ನು ಆಳಸಮುದ್ರದಲ್ಲಿ ಮೊದಲು ತೆಗೆದದ್ದು 2004ರಲ್ಲಿ.

20ನೇ ಶತಮಾನದಲ್ಲಿ ಸ್ಕ್ವಿಡ್ ನರವಿಜ್ಞಾನಕ್ಕೂ ನೆರವಾಯಿತು. 1936ರಲ್ಲಿ ಜೆ. ಝಡ್. ಯಂಗ್ ಅದರ ದಪ್ಪನೆಯ ನರತಂತುವಿನತ್ತ ವಿಜ್ಞಾನಿಗಳ ಗಮನ ಸೆಳೆದರು. ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಈ ತಂತುವಿನೊಳಗೆ ವಿದ್ಯುದ್ವಾರ ತೂರಿಸಬಹುದಿತ್ತು. ಅದರ ನೆರವಿನಿಂದ ಹಾಜ್‌ಕಿನ್ ಮತ್ತು ಹಕ್ಸ್‌ಲಿ ನರಸಂಕೇತ ಸಾಗುವ ಬಗೆಯನ್ನು 1952ರಲ್ಲಿ ಗಣಿತದ ಸಮೀಕರಣಗಳಲ್ಲಿ ವಿವರಿಸಿದರು. 1963ರ ನೊಬೆಲ್ ಪ್ರಶಸ್ತಿಯನ್ನು ಅವರು ಜಾನ್ ಎಕಲ್ಸ್ ಜೊತೆ ಹಂಚಿಕೊಂಡರು.

ಭಾರತದಲ್ಲಿ ಈ ಅಧ್ಯಯನ ಮೀನುಗಾರಿಕೆಯೊಂದಿಗೆ ಬೆಳೆಯಿತು. 1947ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಇ. ಜಿ. ಸೈಲಾಸ್ ಸಂಪಾದಕತ್ವದಲ್ಲಿ ಭಾರತದ ಶಿರಪಾದಿಗಳ ಜೀವನಕ್ರಮ ಮತ್ತು ಸಂಪನ್ಮೂಲದ ಕುರಿತ ಗ್ರಂಥವನ್ನು 1985ರಲ್ಲಿ ಹೊರತಂದಿತು. ಸಂಸ್ಥೆಯ ಕೇಂದ್ರವೊಂದು ಮಂಗಳೂರಿನಲ್ಲಿದೆ.

ಸತ್ತ ಮಾದರಿಗಳು ಹುಟ್ಟಿಸಿದ ತಪ್ಪು ಕಲ್ಪನೆಗಳನ್ನು ಜೀವಂತ ಪ್ರಾಣಿಗಳ ವೀಕ್ಷಣೆ ತಿದ್ದುತ್ತ ಬಂದದ್ದೇ ಈ ಶಾಸ್ತ್ರದ ಚರಿತ್ರೆ. ಆ ಕೆಲಸ ಇನ್ನೂ ಮುಗಿದಿಲ್ಲ. ತಿಮಿಂಗಿಲದ ಹೊಟ್ಟೆಯಲ್ಲಿ ಸಿಕ್ಕ ತೋಳುಗಳಿಂದ 1925ರಲ್ಲಿ ಗುರುತಿಸಲಾದ ಕೊಲೋಸಲ್ ಸ್ಕ್ವಿಡ್, ತನ್ನ ಸಹಜ ನೆಲೆಯಲ್ಲಿ ಮೊದಲ ಬಾರಿಗೆ ಕ್ಯಾಮೆರಾದಲ್ಲಿ ಸೆರೆಯಾದದ್ದು 2025ರಲ್ಲಿ.