ಗೂಡು ಕಟ್ಟದ ಹಕ್ಕಿಗಳ ಫೋಟೊ

ಬೀರೂರಿನ ಹಿತ್ತಿಲುಗಳಿಗೆ ವಸಂತವೆಂದರೆ ಹಕ್ಕಿಗಳನ್ನು ಕಳಿಸಿಕೊಡುವ ಕಾಲ. ದಸರೆಯಲ್ಲಿ ಮೈಲಾರಲಿಂಗಸ್ವಾಮಿಯ ಕಾರ್ಣಿಕ ಕೇಳಲು ಜನ ಸೇರುವ ಹೊತ್ತಿಗೆ ಉತ್ತರದಿಂದ ಬಂದಿಳಿದಿರುವ ಸಣ್ಣಪುಟ್ಟ ಹಕ್ಕಿಗಳು ಯುಗಾದಿಯ ಬೇವು ಹೂ ಬಿಡುವವರೆಗೂ ಇದ್ದು, ಚೈತ್ರ ಕಳೆಯುತ್ತ ಬಂದಂತೆ ಒಂದೊಂದೇ ಕಾಣೆಯಾಗುತ್ತವೆ. ಅವು ಹೋಗಿ ಸೇರುವ ನಾಡುಗಳಲ್ಲಿ ವಸಂತದ ವಲಸೆಗೆ ಸ್ವಾಗತವಿದೆ, ಗಂಡು ಹಕ್ಕಿಯ ಹಾಡಿದೆ, ಕಾದು ಕೂತ ಕ್ಯಾಮೆರಾಗಳಿವೆ. ಇಲ್ಲಿಂದ ಹೊರಡುವಾಗ ಬೀಳ್ಕೊಡುವವರೂ ಇರಲಿಲ್ಲ, ಫೋಟೊ ತೆಗೆಯುವವರೂ ಇರಲಿಲ್ಲ. ನಮ್ಮವರಿಗೆ ಹಕ್ಕಿಗಳ ಮೇಲೆ ಆಸಕ್ತಿಯಿರಲಿಲ್ಲ ಎಂದು ಇದಕ್ಕೆ ಕಾರಣ ಹೇಳಿಬಿಡುವುದು ಸುಲಭ. ಆದರೆ ಹಕ್ಕಿ ಛಾಯಾಗ್ರಹಣದ ಚರಿತ್ರೆ ಬೇರೆ ಮಾತು ಹೇಳುತ್ತದೆ. ಆ ಕಲೆ ಹುಟ್ಟಿದ್ದೇ ಗೂಡಿನ ಮುಂದೆ. ಇಲ್ಲಿ ಗೂಡು ಕಟ್ಟದ ಹಕ್ಕಿಗೆ ಅದರಲ್ಲಿ ಜಾಗವೇ ಇರಲಿಲ್ಲ.

ಕ್ಯಾಮೆರಾಕ್ಕಿಂತ ಮೊದಲು ದಾಖಲೆಯ ಕೆಲಸ ಮಾಡುತ್ತಿದ್ದದ್ದು ಕೋವಿ. ಮೈಸೂರು ಸಂಸ್ಥಾನದ ನೆರವಿನಿಂದ ಪಕ್ಷಿತಜ್ಞ ಸಲೀಂ ಅಲಿ 1939-40ರ ಚಳಿಗಾಲದಲ್ಲಿ ಇಲ್ಲಿನ ಹಕ್ಕಿಗಳ ಸಮೀಕ್ಷೆ ನಡೆಸಿದರು. ಹಕ್ಕಿಗಳನ್ನು ಹೊಡೆದು, ಚರ್ಮ ಹದಮಾಡಿ, ಅಳತೆ ಬರೆದಿಟ್ಟರು. ಅದರ ಫಲ ಮುಂಬಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1942-43ರಲ್ಲಿ ಪ್ರಕಟವಾಯಿತು. ಇಂದಿಗೂ ಅದೇ ನಮ್ಮ ತಳಹದಿ. ಆದರೆ ಚಳಿಗಾಲದ ಸಮೀಕ್ಷೆ ಯಾವ ಹಕ್ಕಿ ಇಲ್ಲಿರುತ್ತದೆ ಎಂದು ಹೇಳೀತೇ ಹೊರತು ಯಾವಾಗ ಬಿಟ್ಟು ಹೋಗುತ್ತದೆ ಎಂದು ಹೇಳಲಾರದು. ವಲಸೆಯ ಪ್ರಶ್ನೆ ಗಂಭೀರವಾಗಿ ಎದ್ದದ್ದು ಆಮೇಲೆ, ಅದೂ ಒಂದು ರೋಗದ ದೆಸೆಯಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನ ಜ್ವರದಲ್ಲಿ ಮಲಗಿದಾಗ ಸಿಕ್ಕಿದ ವೈರಾಣು ರಷ್ಯಾದ ಮಿದುಳುಜ್ವರದ ವೈರಾಣುವಿನ ದಾಯಾದಿಯಾಗಿತ್ತು. ವಲಸೆ ಹಕ್ಕಿಗಳೇ ಹೊತ್ತು ತಂದಿರಬಹುದೆಂಬ ಅನುಮಾನ ಮೂಡಿತು. ವಿಶ್ವ ಆರೋಗ್ಯ ಸಂಸ್ಥೆಯ ಹಣದಿಂದ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸ ದೇಶದಲ್ಲಿ ಶುರುವಾದದ್ದು ಆ ಅನುಮಾನದಿಂದ. ಆ ವೈರಾಣು ಹರಡುವ ಶಿವಮೊಗ್ಗ ಸೀಮೆಯ ಉಣ್ಣೆಗೆ ಭಾರತದ ವಲಸೆ ಅಧ್ಯಯನ ಇಷ್ಟು ಋಣಿಯಾಗಿದೆ ಎಂಬುದು ನಮ್ಮಲ್ಲಿ ಬಹಳ ಜನರಿಗೆ ತಿಳಿದಂತಿಲ್ಲ.

ಕ್ಯಾಮೆರಾದ ದಾರಿಯೇ ಬೇರೆ. ಇಂಗ್ಲೆಂಡಿನ ಕಿಯರ್ಟನ್ ಸಹೋದರರು 1892ರಲ್ಲಿ ಮೊಟ್ಟೆಯಿದ್ದ ಗೂಡಿನ ಚಿತ್ರ ತೆಗೆದು ಈ ವಿದ್ಯೆಗೆ ನಾಂದಿ ಹಾಡಿದರು. ಭಾರತದಲ್ಲಿ ಅದನ್ನು ಬೆಳೆಸಿದ ಬೇಟ್ಸ್ ಮತ್ತು ಲೋಥರ್ 1952ರಲ್ಲಿ ತಂದ ಪುಸ್ತಕ ಕಾಶ್ಮೀರದಲ್ಲಿ ಮರಿ ಮಾಡುವ ಹಕ್ಕಿಗಳ ಕುರಿತದ್ದು. ಹೀಗೆ ಗೂಡನ್ನೇ ಹಿಡಿದದ್ದು ಬರಿಯ ಅಭಿರುಚಿಯ ಮಾತಲ್ಲ. ಆಗಿನ ಫಿಲ್ಮ್ ನಿಧಾನ, ಮಸೂರ ಭಾರ, ಫೋಕಸ್ ಕೈಯಲ್ಲೇ ಆಗಬೇಕು. ಹೀಗಿರುವಾಗ ಹಕ್ಕಿ ಮತ್ತೆ ಮತ್ತೆ ಬಂದು ಕೂರುವ ಒಂದು ನೆಲೆ ಮೊದಲೇ ಗೊತ್ತಿರಬೇಕು, ಅಂಥ ನೆಲೆಯೆಂದರೆ ಗೂಡು. ಗೂಡಿಗೆ ಒಂದಿಷ್ಟು ದೂರದಲ್ಲಿ ಬಟ್ಟೆಯದೋ ಗೋಣಿಯದೋ ಮರೆ ಕಟ್ಟಿ, ಹಕ್ಕಿ ಒಗ್ಗಿಕೊಂಡಂತೆ ಅದನ್ನು ದಿನದಿನಕ್ಕೆ ಹತ್ತಿರ ಸರಿಸುತ್ತಿದ್ದರು. ಒಳಗೆ ಇಬ್ಬರು ಹೋಗಿ ಒಬ್ಬ ಹೊರಗೆ ಬಂದರೆ, ಎಣಿಕೆ ಬಾರದ ಹಕ್ಕಿ ಮರೆ ಖಾಲಿಯಾಯಿತೆಂದು ನಂಬಿ ಗುಟುಕು ಕೊಡಲು ಮರಳುತ್ತಿತ್ತು. ಆಗ ಹೊತ್ತಿಕೊಳ್ಳುವ ಫ್ಲ್ಯಾಶ್ ಬಲ್ಬು ಒಂದೇ ಚಿತ್ರಕ್ಕೆ ಸುಟ್ಟುಹೋಗುತ್ತಿತ್ತು. ಬೆಂಗಳೂರಿನ ಒ. ಸಿ. ಎಡ್ವರ್ಡ್ಸ್, ಅವರ ಗರಡಿಯಲ್ಲಿ ಪಳಗಿದ ಟಿ. ಎನ್. ಎ. ಪೆರುಮಾಳ್, ಇ. ಹನುಮಂತ ರಾವ್ ಮೊದಲಾದವರು ಕರ್ನಾಟಕಕ್ಕೆ ಜಗತ್ತಿನ ಮಟ್ಟದ ಹೆಸರು ತಂದರು. ಆ ತಲೆಮಾರಿನ ಹಕ್ಕಿ ಚಿತ್ರಗಳಲ್ಲಿ ಗೂಡಿನ ಪಾಲು ದೊಡ್ಡದು. ಕೆಲವೇ ತಿಂಗಳಲ್ಲಿ ಸೈಬೀರಿಯಾದ ಕಾಡಿನಲ್ಲಿ ಗೂಡು ಕಟ್ಟಲಿರುವ ಉಲಿಯಕ್ಕಿ ಮಾರ್ಚಿನಲ್ಲಿ ಬೀರೂರಿನ ನುಗ್ಗೆಗಿಡದಲ್ಲಿ ಹುಳ ಹೆಕ್ಕುತ್ತಿದ್ದರೆ, ಆ ಕ್ಯಾಮೆರಾಕ್ಕೆ ಅದು ಇದ್ದೂ ಇಲ್ಲದಂತೆ.

ಕೆರೆಗಳ ಮೇಲಿನ ಬಾತುಗಳ ಚಿತ್ರ ಇರಲಿಲ್ಲವೇ, ರಂಗನತಿಟ್ಟಿನ ಚಿತ್ರಗಳಿಲ್ಲವೇ ಎಂದು ಯಾರಾದರೂ ಕೇಳಬಹುದು. ಇದ್ದವು. ಆದರೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟು, ಕೊಕ್ಕರೆಬೆಳ್ಳೂರು, ಬೀರೂರಿನಿಂದ ಶಿವಮೊಗ್ಗದ ರೈಲು ಹಿಡಿದು ಹೋಗಬಹುದಾದ ಕಡೆಯ ಮಂಡಗದ್ದೆ, ಇವೆಲ್ಲ ಹೆಸರಾದದ್ದು ಹಕ್ಕಿಗಳು ಅಲ್ಲಿ ಗೂಡು ಕಟ್ಟುತ್ತವೆ ಎಂಬ ಕಾರಣಕ್ಕೆ. ಬಾತುಗಳೋ, ದೊಡ್ಡವು, ಗುಂಪಿನಲ್ಲಿರುವವು, ಬಯಲು ನೀರಿನಲ್ಲಿ ಕಾಣುವವು. ನನ್ನ ವಾದ ಇರುವುದು ಅಂಗೈಯೊಳಗೆ ಅಡಗುವ ಹಿತ್ತಿಲ ಹಕ್ಕಿಗಳ ಬಗ್ಗೆ. ಬೀರೂರಿನದೇ ಜಿಲ್ಲೆಯ ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ತಮ್ಮ ತೋಟದ ಸುತ್ತಲಿನ ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆದು, ಕನ್ನಡದಲ್ಲಿ ಹಕ್ಕಿಗಳ ಬಗ್ಗೆ ಬರೆದು, ಮನೆಯ ಸುತ್ತಲೇ ನೋಡುವ ಚಟ ಹತ್ತಿಸಿದರು. ಅವರದು ಮಳೆಯ ಸೀಮೆ, ಕಾಫಿಯ ನೆರಳು. ಬಾಬಾಬುಡನ್ ಸಾಲಿನ ಈಚೆ, ತೆಂಗು ಅಡಿಕೆಯ ನಡುವೆ ಒಣ ಹೊಲಗಳಿರುವ ಬೀರೂರು ಕಡೂರುಗಳಿಗೆ ಅಂಥ ಬರಹಗಾರನೂ ಸಿಗಲಿಲ್ಲ.

ಈಚೆಗೆ ಗೂಡಿನ ಹಂಗು ಕಳಚಿದ್ದು ಡಿಜಿಟಲ್ ಕ್ಯಾಮೆರಾ. ಬೇವಿನ ಎಲೆಗಳ ನಡುವೆ ಒಂದು ಗಳಿಗೆಯೂ ನಿಲ್ಲದ ಗ್ರೀನಿಶ್ ವಾರ್ಬ್ಲರ್ ಎಂಬ ಉಲಿಯಕ್ಕಿಯ ತೂಕ ಎಂಟು ಗ್ರಾಂ ಆಸುಪಾಸು. ಅದನ್ನು ಗುರುತಿಸುವುದು ಕಣ್ಣಿನ ಮೇಲಿನ ತಿಳಿ ಪಟ್ಟಿ, ರೆಕ್ಕೆಯ ಮೇಲಿನ ಸಣ್ಣ ಗೆರೆ ಇಂಥವುಗಳಿಂದ. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಹಿಡಿದ ಚಿತ್ರದಲ್ಲಿ ಅವೆರಡೂ ನಿಲ್ಲುತ್ತವೆ. ಅಷ್ಟೇ ಅಲ್ಲ, ವಸಂತದ ಚಿತ್ರ ಚಳಿಗಾಲದ ಚಿತ್ರ ಹೇಳದ್ದನ್ನು ಹೇಳುತ್ತದೆ. ಗುಲಾಬಿ ಮೈನಾದ ಗರಿಗಳ ಅಂಚು ಮಾಸಲು ಕಂದು. ಅಂಚು ಸವೆದಂತೆಲ್ಲ ಒಳಗಿನ ಗುಲಾಬಿ ಹೊರಬೀಳುತ್ತದೆ. ಬಚ್ಚಲ ನೀರು ಹರಿಯುವಲ್ಲಿ ಬಾಲ ಕುಣಿಸುವ ಬೂದು ಕುಂಡೆಕುಸ್ಕದ ಗಂಡಿಗೆ ಹೊರಡುವ ಮುನ್ನ ಗಂಟಲು ಕಪ್ಪಾಗತೊಡಗುತ್ತದೆ. ಹಕ್ಕಿ ಪಯಣಕ್ಕೆ ಸಿದ್ಧವಾಗುತ್ತಿರುವುದನ್ನು ಹೀಗೆ ಮೈಮೇಲೇ ಓದಬಹುದು. ಪ್ರತಿ ಚಿತ್ರದ ಒಡಲಲ್ಲಿ ತಾರೀಕು, ವೇಳೆ ತಾನಾಗಿ ದಾಖಲಾಗಿರುತ್ತದೆ, ಕೋವಿಯ ಕಾಲದ ಚರ್ಮಕ್ಕೆ ಕಟ್ಟುತ್ತಿದ್ದ ಚೀಟಿಯ ಹಾಗೆ, ಹಕ್ಕಿ ಮಾತ್ರ ಬದುಕಿರುತ್ತದೆ.

ಬೀರೂರೇ ಯಾಕೆ? 1899ರಲ್ಲಿ ಶಿವಮೊಗ್ಗದ ಕವಲು ಹಳಿ ಬಿದ್ದಂದಿನಿಂದ ಇದು ಬಯಲುಸೀಮೆಗೂ ಮಲೆನಾಡಿಗೂ ನಡುವಿನ ಜಂಕ್ಷನ್ನು. ಹಕ್ಕಿಗಳ ಲೆಕ್ಕದಲ್ಲೂ ಅದು ಹಾಗೆಯೇ. ತೋಟದ ನೆರಳಿಗೆ ಬರುವ ರಾಜಹಕ್ಕಿ, ನವರಂಗಗಳೂ ಬಯಲಿನ ಗುಲಾಬಿ ಮೈನಾಗಳೂ ಒಂದೇ ಊರಿನ ಸುತ್ತ ಸಿಗುವ ನೆಲ ಇದು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಿತ ಪ್ರದೇಶವಾಯಿತು. ಹುಲ್ಲಿನ ಮೇಲೆ ತೇಲುವ ಸೆಳೆವವೆಂಬ ಬೇಟೆಹಕ್ಕಿಗಳಿಗಾಗಿ ಚಳಿಗಾಲದಲ್ಲಿ ಅಲ್ಲಿಗೆ ಉದ್ದ ಮಸೂರಗಳೂ ಬರುತ್ತವೆ. ಆ ಮಸೂರಗಳು ಊರೊಳಗಿನ ಹಿತ್ತಿಲಿಗೆ ತಿರುಗುವುದು ಅಪರೂಪ.

ಹವ್ಯಾಸಿಗಳು ಚಂದದ ಚಿತ್ರ ಮಾತ್ರ ಇಟ್ಟುಕೊಳ್ಳುತ್ತಾರೆ, ಅದು ಚರಿತ್ರೆಗೆ ಸಾಕ್ಷಿಯಾಗದು ಎಂಬ ಆಕ್ಷೇಪದಲ್ಲಿ ಹುರುಳಿದೆ. ಎಲೆ ಮರೆಯ, ಅರ್ಧ ಮಸುಕಾದ ಏಪ್ರಿಲ್ ತಿಂಗಳ ಚಿತ್ರವೇ ಹೆಚ್ಚು ಬೆಲೆಯದು, ಮೊದಲು ಅಳಿಸಿಹೋಗುವುದೂ ಅದೇ. ಆದರೆ ಇದು ತಿದ್ದಬಹುದಾದ ಅಭ್ಯಾಸ. ಫೋಟೊಕ್ಕಾಗಿ ಹಿತ್ತಿಲಲ್ಲಿ ನೀರಿನ ತಟ್ಟೆಯಿಟ್ಟು ಹಕ್ಕಿ ಕರೆಯುವುದು ಕೂಡ ಆಮಿಷವೇ ಅಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಆಮಿಷವೇ. ಆದರೂ ಗೂಡಿನ ಮುಂದೆ ಕೂತು ಮರಿಗೆ ಗುಟುಕು ತಪ್ಪಿಸುವುದಕ್ಕೂ ಬಿರುಬಿಸಿಲಲ್ಲಿ ನೀರಿಡುವುದಕ್ಕೂ ವ್ಯತ್ಯಾಸವಿದೆ. 1972ರ ವನ್ಯಜೀವಿ ಕಾಯ್ದೆ ಹಕ್ಕಿಯ ಗೂಡು ಕದಡುವುದನ್ನು ಬೇಟೆಯ ಸಾಲಿಗೇ ಸೇರಿಸಿದೆ, ನೀರಿಡುವುದನ್ನಲ್ಲ. ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದನ್ನು ಮಾತ್ರ ನಾನು ಒಪ್ಪಲಾರೆ. ಸಾವಿರಾರು ಮೈಲಿ ಹಾರಲು ಕೊಬ್ಬು ಕೂಡಿಸುತ್ತಿರುವ ಹಕ್ಕಿಗೆ ಇಲ್ಲದ ಎದುರಾಳಿಯನ್ನು ಹುಡುಕಿಸುವುದು ಹಿಂಸೆ.

ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯಿಂದ 2007ರಲ್ಲಿ ಶುರುವಾದ ಯೋಜನೆ ಮೈಗ್ರಂಟ್‌ವಾಚ್ ವಲಸೆ ಹಕ್ಕಿ ಮೊದಲು ಕಂಡ ದಿನವನ್ನೂ ಮುಂದೆ ಕೊನೆಗೆ ಕಂಡ ದಿನವನ್ನೂ ಜನರಿಂದ ಕೇಳಿ ದಾಖಲಿಸಿತು. ಭಾರತ 2013ರಿಂದ ಪಾಲ್ಗೊಳ್ಳುತ್ತಿರುವ ಹಿತ್ತಿಲ ಹಕ್ಕಿ ಗಣತಿ ಫೆಬ್ರವರಿಯ ನಾಲ್ಕು ದಿನಗಳಲ್ಲಿ ಮುಗಿಯುತ್ತದೆ, ಹೊರಡುವ ಹಕ್ಕಿಗಳಿನ್ನೂ ಇಲ್ಲೇ ಇರುವಾಗ. ಅವು ಹೊರಡುವ ಹೊತ್ತು ದಾಖಲಾಗಬೇಕಾದರೆ ಬೀರೂರು, ಕಡೂರು, ತರೀಕೆರೆ, ಅಜ್ಜಂಪುರದ ಹಿತ್ತಿಲುಗಳಲ್ಲಿ ಕ್ಯಾಮೆರಾ ಹಿಡಿದವರು ಯುಗಾದಿಯಿಂದ ಬಸವ ಜಯಂತಿಯವರೆಗಿನ ಚಿತ್ರಗಳನ್ನು, ಕೆಟ್ಟದಾಗಿ ಬಂದವನ್ನೂ ಸೇರಿಸಿ, ಊರಿನ ಹೆಸರು ಮತ್ತು ತಾರೀಕಿನ ಸಮೇತ ಉಳಿಸಿಕೊಳ್ಳಬೇಕು.